ಬರೆದಿಟ್ಟ ಮನೆ, ಬದಲಾದ ಮನಸ್ಸು

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳ ಹಿರಿಯರಿಗೆ,



ಮನೆಯ ಮಾಲೀಕರು ತೀರಿಕೊಂಡ ಕ್ಷಣದಲ್ಲಿ ಅದರ ಒಡೆತನವು ಅವರು ಮೊದಲೇ ಹೆಸರಿಸಿದ ವ್ಯಕ್ತಿಗೆ ನ್ಯಾಯಾಲಯದ ವಿಚಾರಣೆಯಿಲ್ಲದೆ ಸೇರುವಂತೆ, ಬದುಕಿರುವಾಗಲೇ ಬರೆದು, ನೋಟರಿಯ ಎದುರು ಸಹಿ ಮಾಡಿ, ಕೌಂಟಿಯ ಭೂದಾಖಲೆಗೆ ಸೇರಿಸುವ ಪತ್ರಕ್ಕೆ ಅಮೆರಿಕದಲ್ಲಿ ಟ್ರಾನ್ಸ್‌ಫರ್ ಆನ್ ಡೆತ್ ಡೀಡ್ ಎಂಬ ಹೆಸರಿದ್ದು, ವಕೀಲರ ಮಾತಿನಲ್ಲಿ ಅದು ಚಿಕ್ಕದಾಗಿ ಟಿಒಡಿ ಡೀಡ್ ಆಗಿದೆ. ಇದನ್ನು ಬರೆಯುವುದು ಹೇಗೆಂದು ಹೇಳಿಕೊಡುವವರಿಗೆ ಬರವಿಲ್ಲ. ಬರೆದದ್ದನ್ನು ರದ್ದುಪಡಿಸುವುದು ಹೇಗೆಂಬ ಮಾತು ಮಾತ್ರ ಅಪರೂಪ. ಕುಟುಂಬಗಳು ಎಡವುವುದು ಈ ಎರಡನೆಯ ಕಡೆಯಲ್ಲೇ ಆದ್ದರಿಂದ, ರದ್ದತಿಯ ನಿಯಮವನ್ನು ಅರಿಯದವರು ಈ ಪತ್ರವನ್ನು ಬರೆಯದೆ ಇರುವುದೇ ಲೇಸು ಎಂಬ ನಿಲುವನ್ನು ತಮ್ಮ ಮುಂದಿಡಲು ಈ ಬಹಿರಂಗ ಪತ್ರ.

ಟಿಒಡಿ ಪತ್ರದ ಆಕರ್ಷಣೆ ಅರ್ಥವಾಗಬೇಕಾದರೆ ಪ್ರೊಬೇಟ್ ಎಂದರೇನು ಎಂಬುದು ಮೊದಲು ತಿಳಿಯಬೇಕು. ಮೃತರ ಆಸ್ತಿಯನ್ನು ಪಟ್ಟಿ ಮಾಡಿ, ಸಾಲಗಳನ್ನು ತೀರಿಸಿ, ಉಳಿದದ್ದನ್ನು ಉಯಿಲಿನಂತೆ, ಉಯಿಲಿಲ್ಲದಿದ್ದರೆ ಆಯಾ ರಾಜ್ಯದ ಉತ್ತರಾಧಿಕಾರ ಕಾನೂನಿನಂತೆ ಹಂಚುವ ನ್ಯಾಯಾಲಯದ ಪ್ರಕ್ರಿಯೆಯೇ ಪ್ರೊಬೇಟ್. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ತಗಲುವ ವಕೀಲರ ಶುಲ್ಕವನ್ನು ಕಾನೂನೇ ಗೊತ್ತುಮಾಡಿದೆ: ಆಸ್ತಿಯ ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರಾಚೆಯ 8 ಲಕ್ಷಕ್ಕೆ ಶೇ. 2. ಈ ಲೆಕ್ಕದಲ್ಲಿ 10 ಲಕ್ಷ ಡಾಲರ್ ಬೆಲೆಯ ಮನೆಗೆ ವಕೀಲರ ಪಾಲು 23,000 ಡಾಲರ್. ಉಯಿಲಿನ ನಿರ್ವಾಹಕರು ಕೇಳಿದರೆ ಅವರಿಗೂ ಅಷ್ಟೇ ಸಲ್ಲುತ್ತದೆ. ಗಮನಿಸಬೇಕಾದದ್ದೆಂದರೆ, ಶೇಕಡಾವಾರು ಹಿಡಿಯುವುದು ಮನೆಯ ಪೂರ್ಣ ಬೆಲೆಯ ಮೇಲೆ. ಬ್ಯಾಂಕಿನ ಸಾಲ 6 ಲಕ್ಷ ಬಾಕಿಯಿದ್ದು ಕುಟುಂಬಕ್ಕೆ ನಿಜವಾಗಿ ಉಳಿಯುವುದು 4 ಲಕ್ಷವಾದರೂ ಶುಲ್ಕ ಇಳಿಯುವುದಿಲ್ಲ. 2025ರ ಏಪ್ರಿಲ್ 1ರಿಂದೀಚೆಗೆ ತೀರಿಕೊಂಡವರ ವಾಸದ ಮನೆಯ ಬೆಲೆ 7,50,000 ಡಾಲರ್ ಮೀರದಿದ್ದರೆ ಸರಳ ಅರ್ಜಿಯೊಂದರಿಂದ ಕೆಲಸ ಮುಗಿಸುವ ಅವಕಾಶವನ್ನು ಆ ರಾಜ್ಯ ಒದಗಿಸಿದೆಯಾದರೂ, ಫ್ರೀಮಾಂಟ್, ಕ್ಯುಪರ್ಟಿನೋ ಕಡೆಯ ಮನೆಗಳ ಬೆಲೆ ಬಲ್ಲವರಿಗೆ ಆ ಮಿತಿಯ ಉಪಯೋಗ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಗೆಯ ಪತ್ರಕ್ಕೆ ಮೊದಲು ಕಾನೂನಿನ ಮಾನ್ಯತೆ ಕೊಟ್ಟ ರಾಜ್ಯ ಮಿಸ್ಸೋರಿ, 1989ರಲ್ಲಿ. ರಾಜ್ಯಗಳೆಲ್ಲ ಒಂದೇ ಮಾದರಿ ಅನುಸರಿಸಲೆಂದು ಯೂನಿಫಾರ್ಮ್ ಲಾ ಕಮಿಷನ್ 2009ರಲ್ಲಿ ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿದ ಮೇಲೆ ಅದರ ಹರಡುವಿಕೆ ಚುರುಕಾಯಿತು. ಟೆಕ್ಸಾಸ್ 2015ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾ 2016ರ ಜನವರಿಯಲ್ಲಿ, ನ್ಯೂಯಾರ್ಕ್ 2024ರ ಜುಲೈಯಲ್ಲಿ ಇದನ್ನು ಜಾರಿಗೆ ತಂದವು. ಇಂದು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದು ಯಾವುದಾದರೂ ರೂಪದಲ್ಲಿದೆ: ಅರಿಜೋನಾದಲ್ಲಿ ಇದರ ಹೆಸರು ಬೆನಿಫಿಷಿಯರಿ ಡೀಡ್, ಓಹಾಯೋದಲ್ಲಿ ಇದು ಅಫಿಡವಿಟ್ಟಿನ, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯ, ರೂಪ ತಾಳಿದೆ, ಫ್ಲಾರಿಡಾದಲ್ಲಿ ಇದರ ಜಾಗದಲ್ಲಿ ಲೇಡಿ ಬರ್ಡ್ ಡೀಡ್ ಎಂಬ ಬೇರೆಯೇ ಪತ್ರ ಬಳಕೆಯಲ್ಲಿದೆ. ಕ್ಯಾಲಿಫೋರ್ನಿಯಾ ಮಾತ್ರ ಈ ಕಾನೂನನ್ನು ಇನ್ನೂ ಪ್ರಯೋಗವೆಂದೇ ಇಟ್ಟುಕೊಂಡು, ಅವಧಿಯನ್ನು ಸದ್ಯಕ್ಕೆ 2032ರ ಜನವರಿ 1ರವರೆಗೆ ವಿಸ್ತರಿಸಿದೆ. ಡಲ್ಲಾಸಿನ ಸ್ನೇಹಿತರು ಬರೆದಂತೆಯೇ ಸ್ಯಾನ್ ಹೋಸೆಯಲ್ಲಿ ಬರೆದರಾಯಿತು ಎಂಬ ಊಹೆ ಈ ಕಾರಣಕ್ಕೇ ಅಪಾಯದ್ದು. ಮನೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾನೂನೇ ಅದಕ್ಕೆ ಕಾನೂನು.

ಕರ್ನಾಟಕದಿಂದ ಹೋದವರಿಗೆ ಈ ಪತ್ರ ದಾನಪತ್ರದಂತೆ ಕಾಣುವುದು ಸಹಜವಾದರೂ ಎರಡರ ಸ್ವಭಾವ ತದ್ವಿರುದ್ಧವಾಗಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ನೋಂದಣಿಯಾಗಿ ಪಡೆಯುವವರು ಒಪ್ಪಿಕೊಂಡ ಮೇಲೆ ಕೊಟ್ಟವರಿಗೆ ಆ ಮನೆಯ ಮೇಲೆ ಹಕ್ಕು ಉಳಿಯುವುದಿಲ್ಲ, ಮನಸ್ಸು ಬದಲಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಹಿಂಪಡೆಯಲೂ ಆಗುವುದಿಲ್ಲ. ಮಕ್ಕಳು ಕೈಬಿಟ್ಟಾಗ ಹಿರಿಯರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹಿಡಿದು ನ್ಯಾಯಮಂಡಳಿಗೆ ಅಲೆಯಬೇಕಾಗುವುದು ಇದರಿಂದಲೇ. ಟಿಒಡಿ ಪತ್ರದಲ್ಲಿ ಇಂದು ಏನೂ ಕೈಬದಲಾಗುವುದಿಲ್ಲ. ಮಾಲೀಕರು ಮನೆಯನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಅದರ ಮೇಲೆ ಹೊಸ ಸಾಲ ಎತ್ತಬಹುದು. ಫಲಾನುಭವಿ, ಅಂದರೆ ಪತ್ರದಲ್ಲಿ ಹೆಸರಿರುವ ವ್ಯಕ್ತಿ, ಇದಾವುದಕ್ಕೂ ಅಡ್ಡಿಪಡಿಸುವಂತಿಲ್ಲ, ಅವರಿಗೆ ಸಾಲ ಕೊಟ್ಟವರು ಆ ಮನೆಯ ಕಡೆ ಕೈಚಾಚುವಂತಿಲ್ಲ, ಅಷ್ಟೇಕೆ, ತಮ್ಮ ಹೆಸರಿಗೆ ಮನೆ ಬರೆದಿದೆ ಎಂಬ ಸುದ್ದಿಯನ್ನು ಅವರಿಗೆ ತಿಳಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಪ್ರೊಬೇಟ್ ತಪ್ಪಿಸಲೆಂದು ಮಗನ ಅಥವಾ ಮಗಳ ಹೆಸರನ್ನು ಈಗಲೇ ಕ್ರಯಪತ್ರಕ್ಕೆ ಸೇರಿಸಿಬಿಡುವ ರೂಢಿಗಿಂತ ಇದು ಎಷ್ಟೋ ಮೇಲು. ಹಾಗೆ ಸೇರಿಸಿದರೆ ಅದು ದಾನವಾಗುತ್ತದೆ; ಮುಂದೆ ಮಕ್ಕಳು ಮಾರುವಾಗ ಲಾಭದ ತೆರಿಗೆಯನ್ನು ಆ ಪಾಲಿಗೆ ತಂದೆ ತಾಯಿ ಕೊಂಡ ಹಳೆಯ ಬೆಲೆಯಿಂದ ಎಣಿಸಲಾಗುತ್ತದೆ. ಮರಣದ ನಂತರ ದಾಟಿದ ಮನೆಗಾದರೋ ಮರಣದ ದಿನದ ಮಾರುಕಟ್ಟೆ ಬೆಲೆಯೇ ಮೂಲ ಬೆಲೆಯಾಗುವುದರಿಂದ, 3 ಲಕ್ಷಕ್ಕೆ ಕೊಂಡು 15 ಲಕ್ಷವಾದ ಮನೆಯನ್ನು ಮಕ್ಕಳು ಕೂಡಲೇ ಅದೇ ಬೆಲೆಗೆ ಮಾರಿದರೆ ನಡುವಿನ 12 ಲಕ್ಷ ಡಾಲರಿನ ಏರಿಕೆ ತೆರಿಗೆಯಿಂದ ಹೊರಗುಳಿಯುತ್ತದೆ.

ಪತ್ರ ಬರೆಯುವ ಕ್ರಮ ಕಠಿಣವಲ್ಲ, ಆದರೆ ನಿಖರತೆ ಬೇಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಕೊಟ್ಟಿರುವ ನಮೂನೆಯನ್ನು ತುಂಬಿ, 2022ರಿಂದೀಚೆಗೆ ಕಡ್ಡಾಯವಾಗಿರುವ ಇಬ್ಬರು ಸಾಕ್ಷಿಗಳ ಸಹಿ ಪಡೆದು, ನೋಟರಿಯ ಮುದ್ರೆ ಬಿದ್ದ 60 ದಿನಗಳೊಳಗೆ ಮನೆಯಿರುವ ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ, ಫ್ರೀಮಾಂಟ್‌ನ ಮನೆಯಾದರೆ ಅಲಮೀಡಾ ಕೌಂಟಿಯಲ್ಲಿ, ಕ್ಯುಪರ್ಟಿನೋದ್ದಾದರೆ ಸಾಂತಾ ಕ್ಲಾರಾ ಕೌಂಟಿಯಲ್ಲಿ, ದಾಖಲಿಸಬೇಕು. ಸಹಿಯಾಗಿ ಬೀರುವಿನಲ್ಲೇ ಉಳಿದ ಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ. ನಮೂನೆಯಲ್ಲಿ ‘ನನ್ನ ಮಕ್ಕಳು’ ಎಂದು ಬರೆಯುವಂತಿಲ್ಲ. ಪ್ರತಿಯೊಬ್ಬರ ಪೂರ್ಣ ಹೆಸರನ್ನೂ ಸಂಬಂಧವನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಕನ್ನಡಿಗರಿಗೆ ತೊಡಕು ಶುರುವಾಗುವುದು ಇಲ್ಲಿ. ಊರಿನ ಹೆಸರು ಒಂದು ಇನಿಷಿಯಲ್, ತಂದೆಯ ಹೆಸರು ಇನ್ನೊಂದು. ಭಾರತದ ಪಾಸ್‌ಪೋರ್ಟಿನಲ್ಲಿ ಇವು ಬಿಡಿಸಿಕೊಂಡು ಮುಂದೆ ನಿಂತಿದ್ದರೆ ಅಮೆರಿಕದ ಡ್ರೈವರ್ ಲೈಸೆನ್ಸಿನಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗಿ ಹಿಂದೆ ಸರಿದಿರುತ್ತದೆ. ಒಂದೇ ಪದದ ಹೆಸರಿನವರ ವೀಸಾದಲ್ಲಂತೂ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕುಳಿತಿರುತ್ತವೆ. ಮನೆಯಲ್ಲಿ ಕರೆಯುವ ಹೆಸರನ್ನೋ ಮದುವೆಗೆ ಮುಂಚಿನ ಹೆಸರನ್ನೋ ಪತ್ರದಲ್ಲಿ ಬರೆದರೆ, ಮುಂದೆ ಆ ವ್ಯಕ್ತಿ ತಾನೇ ಎಂದು ಒಡೆತನದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿಗೆ ರುಜುವಾತುಪಡಿಸುವ ಹೊಣೆ ಫಲಾನುಭವಿಯ ಮೇಲೆ ಬೀಳುತ್ತದೆ. ಪ್ರಸ್ತುತ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆದು, ಬೇರೆ ದಾಖಲೆಗಳಲ್ಲಿ ಬೇರೆ ರೂಪವಿದ್ದರೆ ‘ಉರುಫ್’ ಎಂದು ಅದನ್ನೂ ಸೇರಿಸುವುದು ಕ್ಷೇಮ.

ಗಂಡ ಹೆಂಡತಿ ಜಂಟಿಯಾಗಿ ಕೊಂಡ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಾಯಿಂಟ್ ಟೆನೆನ್ಸಿ ಎಂಬ ಒಡೆತನದಲ್ಲಿ ಒಬ್ಬರು ತೀರಿಕೊಂಡರೆ ಅವರ ಪಾಲು ತಾನಾಗಿಯೇ ಬದುಕಿರುವವರಿಗೆ ಸೇರುವುದರಿಂದ, ಕ್ಯಾಲಿಫೋರ್ನಿಯಾದಲ್ಲಿ ಮೊದಲು ತೀರಿಕೊಂಡವರು ಬರೆದಿಟ್ಟ ಟಿಒಡಿ ಪತ್ರ ಕೆಲಸಕ್ಕೆ ಬಾರದಾಗುತ್ತದೆ, ಕೊನೆಯವರೆಗೆ ಉಳಿದವರ ಪತ್ರವೇ ನಡೆಯುತ್ತದೆ. ಉಳಿದವರು ಮನಸ್ಸು ಬದಲಿಸಿ ತಮ್ಮ ಪತ್ರವನ್ನು ತಿದ್ದಿದರೆ ಹೋದವರ ಇಚ್ಛೆಗೆ ಕಾವಲು ಇರುವುದಿಲ್ಲ. ಎರಡನೆಯ ಮದುವೆಯ ಸಂಸಾರಗಳು ಇದನ್ನು ಮರೆಯಬಾರದು.

ಇನ್ನು ರದ್ದತಿಯ ಮಾತು. ಟಿಒಡಿ ಪತ್ರವನ್ನು ಬರೆದವರು ಯಾವಾಗ ಬೇಕಾದರೂ, ಯಾರ ಅಪ್ಪಣೆಯೂ ಇಲ್ಲದೆ, ಕಾರಣ ಕೊಡದೆ ಹಿಂಪಡೆಯಬಹುದು. ಹಿಂಪಡೆಯುವುದಿಲ್ಲವೆಂದು ಪತ್ರದಲ್ಲೇ ಬರೆದಿದ್ದರೂ ಮಾದರಿ ಕಾಯ್ದೆಯ ಪ್ರಕಾರ ಆ ಹಕ್ಕು ಹೋಗುವುದಿಲ್ಲ. ಆದರೆ ಹಕ್ಕು ಎಷ್ಟು ವಿಶಾಲವೋ ಅದನ್ನು ಚಲಾಯಿಸುವ ದಾರಿ ಅಷ್ಟೇ ಕಿರಿದು. ಕ್ಯಾಲಿಫೋರ್ನಿಯಾದಲ್ಲಿ ದಾರಿಗಳು ಮೂರೇ: ರದ್ದತಿಯ ನಮೂನೆಯನ್ನು ಸಾಕ್ಷಿಗಳೊಂದಿಗೆ ಸಹಿ ಮಾಡಿ ನೋಟರಿ ಮಾಡಿಸಿ ದಾಖಲಿಸುವುದು, ಹೊಸ ಟಿಒಡಿ ಪತ್ರವನ್ನು ಅದೇ ವಿಧಿಯಲ್ಲಿ ಬರೆದು ದಾಖಲಿಸುವುದು, ಇಲ್ಲವೇ ಬದುಕಿರುವಾಗಲೇ ಮನೆಯನ್ನು ಮಾರಿ, ದಾನ ಕೊಟ್ಟು, ಅಥವಾ ಟ್ರಸ್ಟಿಗೆ ವರ್ಗಾಯಿಸಿ ಆ ಪತ್ರವನ್ನು ದಾಖಲಿಸುವುದು. ಮಾದರಿ ಕಾಯ್ದೆಯನ್ನು ಅನುಸರಿಸುವ ರಾಜ್ಯಗಳಲ್ಲೂ ಸಾರ ಇದೇ: ರದ್ದುಪಡಿಸುವ ಪತ್ರವು ಹಳೆಯ ಪತ್ರದ ನಂತರ ನೋಟರಿಯ ಮುಂದೆ ಸಹಿಯಾಗಿರಬೇಕು, ಮಾಲೀಕರು ಬದುಕಿರುವಾಗಲೇ ಹಳೆಯ ಪತ್ರ ದಾಖಲಾದ ಕೌಂಟಿಯಲ್ಲೇ ದಾಖಲಾಗಿರಬೇಕು. ಹಳೆಯ ಪತ್ರವನ್ನು ಹರಿದುಹಾಕಿದರೆ, ಸುಟ್ಟರೆ, ಮೇಲೆ ಗೀಟು ಎಳೆದು ಸಹಿ ಮಾಡಿದರೆ ಉಯಿಲಾಗಿದ್ದರೆ ರದ್ದಾಗುತ್ತಿತ್ತೇನೋ. ಟಿಒಡಿ ಪತ್ರಕ್ಕೆ ಅದು ತಾಗುವುದೇ ಇಲ್ಲ, ಏಕೆಂದರೆ ಕಾನೂನಿನ ಕಣ್ಣಿಗೆ ಕಾಣುವುದು ಮನೆಯಲ್ಲಿರುವ ಪ್ರತಿಯಲ್ಲ, ಕೌಂಟಿಯ ಕಡತ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ನಂಬಿಕೆಯೆಂದರೆ ಕೊನೆಗೆ ಬರೆದ ಉಯಿಲೇ ನಡೆಯುತ್ತದೆ ಎಂಬುದು. ಉಯಿಲುಗಳ ನಡುವೆ ಅದು ಸತ್ಯ. ಉಯಿಲಿಗೂ ಟಿಒಡಿ ಪತ್ರಕ್ಕೂ ನಡುವೆ ಅಲ್ಲ. 2017ರಲ್ಲಿ ಮನೆಯನ್ನು ಹಿರಿಯ ಮಗನ ಹೆಸರಿಗೆ ಟಿಒಡಿ ಮಾಡಿದ ತಾಯಿಯೊಬ್ಬರು 2024ರಲ್ಲಿ ತಮ್ಮ ಆರೈಕೆಗೆ ನಿಂತ ಮಗಳಿಗೆ ಆ ಮನೆ ಸಲ್ಲಬೇಕೆಂದು ಸಾಕ್ಷಿಸಮೇತ, ನಿರ್ದೋಷವಾದ ಉಯಿಲು ಬರೆದರು ಎಂದು ಭಾವಿಸೋಣ. ತಾಯಿ ತೀರಿಕೊಂಡ ದಿನ ಮನೆ ಮಗನದೇ ಆಗುತ್ತದೆ, ಉಯಿಲಿನ ಆ ವಾಕ್ಯ ಹಂಚಲು ಏನೂ ಇಲ್ಲದ ವಾಕ್ಯವಾಗುತ್ತದೆ. ಟೆಕ್ಸಾಸ್ ಕಾನೂನು ಉಯಿಲಿನಿಂದ ಟಿಒಡಿ ಪತ್ರ ರದ್ದಾಗದೆಂದು ನೇರವಾಗಿ ಹೇಳುತ್ತದೆ, ಕ್ಯಾಲಿಫೋರ್ನಿಯಾದ ನಮೂನೆಯಲ್ಲೂ ಆ ಎಚ್ಚರಿಕೆ ಅಚ್ಚಾಗಿದೆ. ಹೀಗಿದ್ದೂ ಹೊಸ ಉಯಿಲು ಬರೆಸುವಾಗ ಹಳೆಯ ಟಿಒಡಿಯ ಸುದ್ದಿಯನ್ನೇ ವಕೀಲರಿಗೆ ಹೇಳದೆ ಬಿಡುವುದು ಸುಲಭ. ಲಿವಿಂಗ್ ಟ್ರಸ್ಟ್ ಮಾಡಿಸಿದವರ ಕಥೆಯೂ ಭಿನ್ನವಲ್ಲ. ಟ್ರಸ್ಟ್ ಎಂದರೆ ಆಸ್ತಿಯನ್ನು ತಮ್ಮ ಜೀವಿತಕಾಲದಲ್ಲೇ ನಿರ್ವಾಹಕರೊಬ್ಬರ, ಹೆಚ್ಚಾಗಿ ತಮ್ಮದೇ, ನಿರ್ವಹಣೆಗೆ ಒಪ್ಪಿಸಿ ಮುಂದಿನ ಹಂಚಿಕೆಯ ನಿಯಮಗಳನ್ನು ಬರೆದಿಡುವ ವ್ಯವಸ್ಥೆ. ಸಾವಿರಾರು ಡಾಲರ್ ಕೊಟ್ಟು ದಪ್ಪ ಫೈಲು ಮನೆಗೆ ತಂದ ಮೇಲೆ, ಮನೆಯನ್ನು ಟ್ರಸ್ಟಿನ ಹೆಸರಿಗೆ ವರ್ಗಾಯಿಸುವ ಒಂದು ಪುಟದ ಪತ್ರವನ್ನು ದಾಖಲಿಸಲು ಮರೆತರೆ, ಹಳೆಯ ಟಿಒಡಿ ಪತ್ರ ಆ ಫೈಲನ್ನು ದಾಟಿ ತನ್ನ ಪಾಡಿಗೆ ತಾನು ಕೆಲಸ ಮಾಡಿ ಮುಗಿಸುತ್ತದೆ.

ವಿಚ್ಛೇದನದಿಂದ ಎಲ್ಲವೂ ಕಳಚಿಬೀಳುತ್ತದೆ ಎಂಬ ಭಾವನೆಯೂ ಪೂರ್ತಿ ನಂಬುವಂಥದ್ದಲ್ಲ. ಟೆಕ್ಸಾಸ್‌ನಲ್ಲಿ ಮಾಜಿ ಪತಿಯ ಅಥವಾ ಪತ್ನಿಯ ಹೆಸರು ಟಿಒಡಿ ಪತ್ರದಿಂದ ಕಾನೂನಿನ ಬಲದಿಂದಲೇ ಇಳಿಯಬೇಕಾದರೆ ವಿಚ್ಛೇದನದ ತೀರ್ಪಿನ ಸೂಚನೆ ಮಾಲೀಕರ ಮರಣಕ್ಕೆ ಮುಂಚೆ ಕೌಂಟಿ ಕ್ಲರ್ಕ್ ಕಚೇರಿಯ ಭೂದಾಖಲೆಗೆ ಸೇರಿರಬೇಕು. ಕುಟುಂಬ ನ್ಯಾಯಾಲಯದ ತೀರ್ಪು ಅಷ್ಟಕ್ಕೇ ಸಾಲದು. ಮನೆಮಂದಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೊಟ್ಟು ಎಲ್ಲ ವ್ಯವಹಾರವನ್ನೂ ನಡೆಸುವ ಅಭ್ಯಾಸವಿರುವವರು ಇನ್ನೊಂದನ್ನು ತಿಳಿದಿರಬೇಕು: ಟೆಕ್ಸಾಸ್‌ನಲ್ಲಿ ಪವರ್ ಆಫ್ ಅಟಾರ್ನಿ ಹಿಡಿದ ಪ್ರತಿನಿಧಿ ಟಿಒಡಿ ಪತ್ರವನ್ನು ಸೃಷ್ಟಿಸುವಂತಿಲ್ಲ. ಹಿರಿಯರಿಗೆ ಮರೆವಿನ ಕಾಯಿಲೆ ಬಲಿತು ತಿಳಿವಳಿಕೆ ಕುಂದಿದ ಮೇಲೆ, ತಪ್ಪು ಹೆಸರಿನ ಪತ್ರವನ್ನು ಬದಲಿಸುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಮನಸ್ಸು ಬದಲಾದ ದಿನಕ್ಕೂ ರದ್ದತಿ ದಾಖಲಾದ ದಿನಕ್ಕೂ ನಡುವಿನ ಅಂತರವೇ ಈ ವ್ಯವಸ್ಥೆಯ ದೊಡ್ಡ ಅಪಾಯವಾಗಿರುವುದರಿಂದ, ಆಗಲಿ ನೋಡೋಣ ಎನ್ನುವ ಸ್ವಭಾವದವರಿಗೆ ಇದು ಒಗ್ಗುವ ಸಾಧನವಲ್ಲ.

ನಿವೃತ್ತಿಯ ನಂತರ ಮೈಸೂರಿಗೋ ಧಾರವಾಡಕ್ಕೋ ಮರಳಿ ನೆಲೆಸಿದವರಿಗೆ ರದ್ದತಿ ಇನ್ನಷ್ಟು ದೂರದ ಕೆಲಸ. ಸಹಿಯನ್ನು ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಅಪಾಯಿಂಟ್‌ಮೆಂಟ್ ಪಡೆದು ಅಲ್ಲಿನ ಅಧಿಕಾರಿಯ ಮುಂದೆ ಮಾಡಬಹುದು. ಇಲ್ಲವೇ ಊರಿನ ನೋಟರಿಯ ಮುಂದೆ ಮಾಡಿ, ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಎಂದರೆ ಹೇಗ್ ಒಪ್ಪಂದದ ದೇಶಗಳು ಪರಸ್ಪರ ಮಾನ್ಯ ಮಾಡುವ ದೃಢೀಕರಣದ ಮುದ್ರೆ, ಹಾಕಿಸಿ ಅಮೆರಿಕಕ್ಕೆ ಕಳುಹಿಸಬಹುದು. ಸಾಕ್ಷಿಗಳು ಬೇಕಾದ ರಾಜ್ಯವಾದರೆ ಸಾಕ್ಷಿಗಳೂ ಜೊತೆಗಿರಬೇಕು. ಕೌಂಟಿ ಕಚೇರಿ ಅದನ್ನು ಸ್ವೀಕರಿಸಿ ದಾಖಲೆ ಸಂಖ್ಯೆ ಕೊಡುವವರೆಗೆ ಕೆಲಸ ಮುಗಿದಿಲ್ಲ. ಪುಟದ ಅಂಚು ಸಾಲದೆಂದೋ ಶುಲ್ಕ ಕಡಿಮೆಯಾಯಿತೆಂದೋ ಮರಳಿ ಬಂದ ಕಾಗದವನ್ನು ರದ್ದತಿ ಎನ್ನಲಾಗದು. ಆದ್ದರಿಂದ ಭಾರತಕ್ಕೆ ಮರಳಲು ಟಿಕೆಟ್ ಮಾಡಿಸುವ ಮುನ್ನ, ಅಮೆರಿಕದ ನೆಲದಲ್ಲಿರುವಾಗಲೇ, ಹಳೆಯ ಪತ್ರವನ್ನು ಒಮ್ಮೆ ತೆಗೆದು ಓದಿ ಬೇಕಾದ ಬದಲಾವಣೆ ಮುಗಿಸಿಕೊಳ್ಳುವುದು ವಿವೇಕ.

ಮರಣದ ನಂತರದ ಹಾದಿಯೂ ಸಂಪೂರ್ಣ ನಿರಾಯಾಸವಲ್ಲ. ಫಲಾನುಭವಿಯು ಮರಣದ ಪ್ರಮಾಣಪತ್ರದೊಂದಿಗೆ ಅಫಿಡವಿಟ್ ದಾಖಲಿಸಬೇಕು; ಅಮೆರಿಕದ ಪೌರರೊಬ್ಬರು ಭಾರತಕ್ಕೆ ಬಂದಾಗ ತೀರಿಕೊಂಡರೆ ಕಾನ್ಸುಲೇಟ್ ಕೊಡುವ ಮರಣ ವರದಿ ಅಲ್ಲಿ ಪ್ರಮಾಣಪತ್ರದ ಸ್ಥಾನದಲ್ಲಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈಗ ಮೃತರ ಉತ್ತರಾಧಿಕಾರಿಗಳಿಗೆಲ್ಲ ಪತ್ರದ ಪ್ರತಿಯೊಂದಿಗೆ ನೋಟಿಸ್ ಕಳುಹಿಸುವುದೂ ಫಲಾನುಭವಿಯ ಕರ್ತವ್ಯ. ಬ್ಯಾಂಕಿನ ಸಾಲ ಮನೆಯೊಂದಿಗೇ ಬರುತ್ತದೆ, ಮೃತರಿಗೆ ಸಾಲ ಕೊಟ್ಟ ಇತರರೂ ಮನೆಯ ಮೇಲೆ ಹಕ್ಕು ಸಾಧಿಸಬಹುದು. ಹೆಸರಿಸಿದವರು ಮೊದಲೇ ತೀರಿಕೊಂಡಿದ್ದರೆ, ಬೇರೆ ಹೆಸರೂ ಇಲ್ಲದಿದ್ದರೆ, ತಪ್ಪಿಸಿಕೊಳ್ಳಲು ಹೊರಟಿದ್ದ ಪ್ರೊಬೇಟಿಗೇ ಮನೆ ಮರಳಬಹುದು. ಟೆಕ್ಸಾಸ್‌ನಲ್ಲಿ ಫಲಾನುಭವಿ ಮಾಲೀಕರಿಗಿಂತ 120 ಗಂಟೆ ಹೆಚ್ಚು ಬದುಕಿರಬೇಕೆಂಬ ನಿಯಮವೂ ಇದೆ. ಆಸ್ತಿ ತೆರಿಗೆಯ ಕಡೆ ನೋಡಿದರೆ, ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 19 ಎಂಬ ಕಾನೂನು ಜಾರಿಗೆ ಬಂದ 2021ರ ಫೆಬ್ರವರಿ 16ರಿಂದ ತಂದೆ ತಾಯಿಯ ಹಳೆಯ ಕಡಿಮೆ ತೆರಿಗೆ ಉಳಿಯಬೇಕಾದರೆ ಮಗ ಅಥವಾ ಮಗಳು ಅದೇ ಮನೆಯಲ್ಲಿ ವಾಸಕ್ಕೆ ನಿಲ್ಲಬೇಕು, ಅದಕ್ಕೂ ಬೆಲೆಯ ಮಿತಿಯಿದೆ. ಫಲಾನುಭವಿ ಬೆಂಗಳೂರಿನಲ್ಲೇ ಇರುವ, ಅಮೆರಿಕದ ತೆರಿಗೆಯ ದೃಷ್ಟಿಯಲ್ಲಿ ವಿದೇಶಿಯಾದ ವ್ಯಕ್ತಿಯಾದರೆ, ಮನೆ ಮಾರುವಾಗ ಕೊಳ್ಳುವವರು ಸಾಮಾನ್ಯವಾಗಿ ಮಾರಾಟದ ಬೆಲೆಯ ಶೇ. 15ರಷ್ಟನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ನಿಜವಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು.

ಒಂದೇ ಮನೆ, ಸಾಲ ಅಲ್ಪ, ವಯಸ್ಸಿಗೆ ಬಂದ ಒಬ್ಬರೋ ಇಬ್ಬರೋ ಮಕ್ಕಳು, ಅವರ ನಡುವೆ ಹೊಂದಾಣಿಕೆ, ಹಂಚಿಕೆ ಸಮಸಮ: ಇಂಥ ಕುಟುಂಬಕ್ಕೆ ಟಿಒಡಿ ಪತ್ರ ಹೇಳಿ ಮಾಡಿಸಿದಂತಿದೆ. ಮೊಮ್ಮಕ್ಕಳು ಅಪ್ರಾಪ್ತರಾಗಿದ್ದು ಅವರ ಹೆಸರಿಗೇ ಬರೆಯಬೇಕೆಂದಿದ್ದರೆ, ಅಂಗವಿಕಲತೆಯ ಕಾರಣಕ್ಕೆ ಸರ್ಕಾರದ ನೆರವು ಪಡೆಯುತ್ತಿರುವ ಮಗುವಿಗೆ ಮನೆ ಬಿದ್ದು ಆ ನೆರವೇ ತಪ್ಪುವ ಸಂಭವವಿದ್ದರೆ, ಒಬ್ಬರಿಗೆ ಹೆಚ್ಚು ಮತ್ತೊಬ್ಬರಿಗೆ ಕಡಿಮೆ ಕೊಡುವ ಉದ್ದೇಶವಿದ್ದರೆ ಟ್ರಸ್ಟೇ ತಕ್ಕದ್ದು. ಕ್ಯಾಲಿಫೋರ್ನಿಯಾದ ನಮೂನೆಯಲ್ಲಿ ಅಸಮ ಪಾಲಿಗೆ ಅವಕಾಶವೇ ಇಲ್ಲ.

ತವರಿನ ಆಸ್ತಿಗೆ ಈ ಪತ್ರ ಅನ್ವಯಿಸುವುದಿಲ್ಲ. ಬಸವನಗುಡಿಯ ಮನೆಗಾಗಲೀ ಹಾಸನದ ತೋಟಕ್ಕಾಗಲೀ ಭಾರತದ ಕಾನೂನೇ ಕಾನೂನಾಗಿರುವುದರಿಂದ ಅವುಗಳಿಗೆ ಪ್ರತ್ಯೇಕ ಉಯಿಲು ಬೇಕಾಗುತ್ತದೆ, ಅನೇಕರು ಊರಿಗೆ ಬಂದಾಗ ಅದನ್ನು ಬರೆಸಿ ನೋಂದಣಿಯನ್ನೂ ಮಾಡಿಸುತ್ತಾರೆ. ಭಾರತದಲ್ಲಿ ಬರೆಸುವ ಉಯಿಲುಗಳಲ್ಲಿ ‘ಈ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ಈ ಮೂಲಕ ರದ್ದುಪಡಿಸಲಾಗಿದೆ’ ಎಂಬ ಸಾಲು ರೂಢಿಯಂತೆ ಬಂದೇ ಬರುತ್ತದೆ. ಅದನ್ನು ಭಾರತದಲ್ಲಿರುವ ಆಸ್ತಿಗೆ ಮಾತ್ರ ಸೀಮಿತಗೊಳಿಸಿ ಬರೆಸದಿದ್ದರೆ, ಆ ಒಂದು ಸಾಲು ಅಮೆರಿಕದಲ್ಲಿ ಬರೆದಿಟ್ಟ ಉಯಿಲನ್ನು ಅಳಿಸಿಹಾಕಬಲ್ಲದು. ಕೌಂಟಿಯ ಕಡತದಲ್ಲಿ ಕುಳಿತ ಟಿಒಡಿ ಪತ್ರದ ಕೂದಲನ್ನೂ ಅದು ಕೊಂಕಿಸಲಾರದು.